ಪಾಳೇಗಾರನಿಗೊಬ್ಬ ಬಣ್ಣಜ್ಜ

ಮಕ್ಕಳು ಕಾರ್ಟೂನ್ ನೋಡಿ ಕೆಡುತ್ತಾರೆ ಎನ್ನುವವರ ಸಾಲಿನಲ್ಲಿ ನಾನೂ ಬಹಳ ದಿನ ಮುಂದೆಯೇ ನಿಂತಿದ್ದೆ. ಈಗ ಸ್ವಲ್ಪ ಹಿಂದಕ್ಕೆ ಸರಿದಿದ್ದೇನೆ. ಏಕೆಂದರೆ ನಮ್ಮ ಮನೆಯಲ್ಲಿ ಕಾರ್ಟೂನಿನಿಂದ ಮೊದಲು ಆದದ್ದು ಕನ್ನಡದ ಉದ್ಧಾರ. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲೇ ಹುಟ್ಟಿ ಬೆಳೆದ ನನ್ನ ಇಬ್ಬರು ಹೆಣ್ಣುಮಕ್ಕಳು, ಹತ್ತು ವರ್ಷದ ಇಂಚರ ಮತ್ತು ಎಂಟು ವರ್ಷದ ಸಿಂಚನ, ಅಲ್ಲಿಯವರೆಗೆ 'ಪಪ್ಪಾ, ಹೊಟ್ಟೆ ಹಸ್ದೈತೆ' ಎನ್ನುತ್ತಿದ್ದವರು ಒಂದು ಸಂಜೆ ನನ್ನೆದುರು ಕೈಕಟ್ಟಿ ನಿಂತು, 'ತಂದೆಯೇ, ನಮ್ಮ ಉದರವು ಬರಿದಾಗಿದೆ' ಎಂದರು. ನಾನು ಹೌಹಾರಿ ಹೆಂಡತಿ ಶೈಲಾಳ ಮುಖ ನೋಡಿದೆ. 'ಗಾಬ್ರಿ ಆಗಬ್ಯಾಡ್ರಿ, ಕನ್ನಡಕ್ಕೆ ಡಬ್ ಆಗಿರೋ ಹೊಸ ಕಾರ್ಟೂನು. ಅದರಾಗೆ ಎಲ್ಲಾರೂ ಹಿಂಗೇ ಮಾತಾಡ್ತಾರೆ. ನನ್ನನ್ನ ಬೆಳಗ್ಗೆಯಿಂದ ಮಾತೆಯೇ ಅಂತಾವೆ, ನಾನು ಸುಮ್ನೆ ಅನ್ನಿಸ್ಕೊಂತಾ ಇದೀನಿ' ಎಂದಳು.

ಅದೇನು ಎಂದು ನಾನೂ ಒಂದು ದಿನ ಪಕ್ಕದಲ್ಲಿ ಕುಳಿತು ನೋಡಿದೆ. ವಿಚಿತ್ರ ಜೀವಿಗಳನ್ನು ಹಿಡಿದು ಪಳಗಿಸುವ ಮಕ್ಕಳ ಕಥೆ. ಒಂದು ಜೀವಿ ಬೆಂಕಿ ಉಗುಳುತ್ತದೆ, ಇನ್ನೊಂದು ಸೀನಿದರೆ ಹಿಮ ಬೀಳುತ್ತದೆ. ಈ ಮಕ್ಕಳಿಗೆಲ್ಲ ಗುರುವಾಗಿ ಒಬ್ಬ ಅರೆಹುಚ್ಚ ಚಿತ್ರಕಾರ. ಅವನನ್ನು ಎಲ್ಲರೂ ಬಣ್ಣಜ್ಜ ಎನ್ನುತ್ತಾರೆ. ತಲೆಯ ಮೇಲೆ ಟೋಪಿಯ ಬದಲು ಅನ್ನ ಬಸಿಯುವ ಪಾತ್ರೆ, ಗಡ್ಡದ ತುದಿಗೆ ಕಟ್ಟಿದ ಕುಂಚ. ಚಿತ್ರ ಬರೆಯುವಾಗ ಕಾಗದದ ಮೇಲೆ ಕುಂಚ ಆಡಬೇಕಾದರೆ ಗಡ್ಡವನ್ನೇ ಅಲ್ಲಾಡಿಸುತ್ತಾನೆ. ಮಕ್ಕಳು ಪಳಗಿಸುವ ವಿದ್ಯೆ ಕಲಿಸು ಎಂದರೆ ಅವನು ಕಲಿಸುವುದೇ ಇಲ್ಲ. 'ಮರಿಗಳಿರಾ, ಮೊದಲು ನೋಡಿರಿ, ಆಮೇಲೆ ಬರೆಯಿರಿ. ಸರಿಯಾಗಿ ಬರೆದವನಿಗೆ ಜೀವಿಯು ತಾನಾಗಿ ಒಲಿಯುವುದು' ಎಂದು ಹೇಳಿ ಮಲಗಿಬಿಡುತ್ತಾನೆ. ಸಂಬಳ ತೆಗೆದುಕೊಂಡು ಹೀಗೆ ಪಾಠ ಮಾಡುವವರನ್ನು ನಮ್ಮ ಸ್ಟಾಫ್ ರೂಮಿನಲ್ಲಿ ನಾನು ಸಾಕಷ್ಟು ಕಂಡಿದ್ದರಿಂದ ನನಗೇನೂ ವಿಶೇಷ ಎನಿಸಲಿಲ್ಲ.

ಇಷ್ಟರಲ್ಲೇ ಕುಕ್ಕುವಾಡದಿಂದ ನನ್ನ ಬಾಮೈದ ಹನುಮಂತ ಬಂದ. ಒಂದು ಭಾನುವಾರ ಬುಟ್ಟಿಯಲ್ಲಿ ಒಂದು ಜವಾರಿ ಹುಂಜ ತಂದು ಅಂಗಳಕ್ಕೆ ಬಿಟ್ಟು, 'ಭಾವ, ಇದು ಇಲ್ಲೇ ಮೇಯ್ಲಿ. ಮುಂದಿನ ಭಾನ್ವಾರ ಬರ್ತೀನಿ, ಅಕ್ಕನ ಕೈಲಿ ಖಾರವಾಗಿ ಒಂದು ಸಾರು ಮಾಡಿಸ್ರಿ' ಎಂದು ಹೇಳಿ ಹೋದ. ಹುಂಜ ಎಂದರೆ ಹುಂಜ. ಕೆಂಪು ಕತ್ತು, ಹಸಿರು ಹೊಳೆಯುವ ಬಾಲ, ಎದೆ ಸೆಟೆಸಿಕೊಂಡು ಹೆಜ್ಜೆ ಇಡುವ ಠೀವಿ. ಮಕ್ಕಳು ಅರ್ಧ ಗಂಟೆಯೊಳಗೆ ಅದಕ್ಕೆ ಪಾಳೇಗಾರ ಎಂದು ಹೆಸರಿಟ್ಟುಬಿಟ್ಟರು. ಸಾರಿಗೆ ಹೋಗುವ ಕೋಳಿಗೆ ಹೆಸರಿಡಬಾರದು ಎಂದು ಅನುಭವಸ್ಥರು ಹೇಳುತ್ತಾರೆ. ಆದರೆ ಅನುಭವಸ್ಥರ ಮಾತು ನೆನಪಾಗುವುದು ಯಾವಾಗಲೂ ಅರ್ಧ ಗಂಟೆ ತಡವಾಗಿ.

ಪಾಳೇಗಾರ ಮನೆಯ ಎಲ್ಲರೊಂದಿಗೂ ಚೆನ್ನಾಗಿದ್ದ. ಶೈಲಾಳ ಕೈಯಿಂದ ಅಕ್ಕಿ ತಿನ್ನುತ್ತಿದ್ದ, ಮಕ್ಕಳ ಹಿಂದೆ ಸುತ್ತುತ್ತಿದ್ದ. ನನ್ನನ್ನು ಕಂಡರೆ ಮಾತ್ರ ಉರಿದು ಬೀಳುತ್ತಿದ್ದ. ನಾನು ಹರಿಹರದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. ದಿನಾ ಸ್ಕೂಟರಿನಲ್ಲಿ ಬಾತಿ ಊರು ದಾಟಿ ಹೋಗಿ ಬರುತ್ತೇನೆ. ಸೋಮವಾರ ಸಂಜೆ ಬಂದು, ಮೆಟ್ಟಿಲ ಹತ್ತಿರ ಬಗ್ಗಿ ಶೂ ಬಿಚ್ಚುತ್ತಿದ್ದೆ. ಹುಂಜ ಎಲ್ಲಿಂದಲೋ ಹಾರಿ ಬಂದು ತಲೆಗೆ ಟಕಟಕ ಕುಕ್ಕಿತು. ಪುಣ್ಯಕ್ಕೆ ಹೆಲ್ಮೆಟ್ ಇತ್ತು. ಮಂಗಳವಾರವೂ ಅದೇ. ಬುಧವಾರ ಏಟು ಹೆಲ್ಮೆಟ್ ತಪ್ಪಿ ಕಿವಿಗೆ ಬಿತ್ತು, ರಕ್ತ ಬಂತು. ಅಂದಿನಿಂದ ನಾನು ಅಂಗಳದ ಗಿಡಕ್ಕೆ ನೀರು ಹಾಕುವಾಗಲೂ ಹೆಲ್ಮೆಟ್ ಹಾಕಿಕೊಳ್ಳತೊಡಗಿದೆ. ಪಕ್ಕದ ಮನೆಯವರು 'ಏನ್ ಸಾರ್, ಎಲ್ಲಿಗೆ ಹೊಂಟ್ರಿ?' ಎಂದರೆ 'ದಾಸವಾಳದ ಗಿಡದ ತನಕ' ಎನ್ನುತ್ತಿದ್ದೆ. ಹೆಲ್ಮೆಟ್ ಹಾಕಿದಷ್ಟೂ ಹುಂಜದ ಸಿಟ್ಟು ಹೆಚ್ಚಾಯಿತು. ಸಿಟ್ಟು ಹೆಚ್ಚಾದಷ್ಟೂ ನಾನು ಹೆಲ್ಮೆಟ್ ಬಿಗಿಮಾಡಿಕೊಂಡೆ.

ಗುರುವಾರ ಶೈಲಾ ತೀರ್ಪು ಕೊಟ್ಟಳು. ಮಕ್ಕಳು ಅಳುತ್ತಾ ಹುಂಜವನ್ನು ಉಳಿಸು ಎಂದು ಕಾಲಿಗೆ ಬಿದ್ದಿದ್ದರು. 'ನೋಡ್ರಿ, ನಿಮ್ಮಪ್ಪನ ಕಣ್ಣಿಗೇನಾರ ಆದ್ರೆ ಏನ್ ಮಾಡಾಣ? ಭಾನ್ವಾರದೊಳಗೆ ಅದು ನಿಮ್ಮಪ್ಪನ್ನ ಕುಕ್ಕದಂಗೆ ಕಲಿಸ್ರಿ, ಉಳಿಸ್ತೀನಿ. ಇಲ್ಲಾಂದ್ರೆ ಹನುಮಂತ ಮಾಮ ಬಂದ ಕೂಡ್ಲೆ ಸಾರು.' ಇಂಚರ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, 'ಪಪ್ಪಾ, ನಮಗೊಬ್ಬ ಬಣ್ಣಜ್ಜ ಬೇಕು' ಎಂದಳು. ಗ್ರಾಂಥಿಕ ಕನ್ನಡ ಬಿಟ್ಟು ಮನೆಯ ಕನ್ನಡಕ್ಕೆ ಇಳಿದಿದ್ದರಿಂದ ವಿಷಯ ಗಂಭೀರವಾಗಿದೆ ಎಂದು ಗೊತ್ತಾಯಿತು. ಇಲ್ಲೊಂದು ಸತ್ಯ ಒಪ್ಪಿಕೊಳ್ಳಬೇಕು. ಒಳಗೊಳಗೆ ನನ್ನ ಓಟು ಸಾರಿಗೇ ಇತ್ತು. ಆದರೆ ಸಿಂಚನ ಎರಡು ಹೊತ್ತಿನಿಂದ ಊಟ ಬಿಟ್ಟಿದ್ದಳು. ಹಾಲೂ ಬೇಡ ಅಂದಿದ್ದಳು. ಹುಚ್ಚ ಚಿತ್ರಕಾರ ಎಂದೊಡನೆ ನನಗೆ ಹರಿಹರದ ಪೇಂಟರ್ ಮೋನಪ್ಪ ನೆನಪಾದ.

ಮೋನಪ್ಪನ ಅಂಗಡಿ ನಮ್ಮ ಕಾಲೇಜಿನ ಹಿಂದಿನ ರಸ್ತೆಯಲ್ಲಿದೆ. ಲಾರಿಗಳ ಹಿಂದೆ ಹುಲಿ, ಹಂಸ, ಹಸು ಬರೆಯುವುದು ಅವನ ಕಸುಬು. ಅವನ ಸ್ವಂತ ಅಂಗಡಿಯ ಬೋರ್ಡು ಮಾತ್ರ ಎಷ್ಟೋ ವರ್ಷದಿಂದ 'ನಪ್ಪ ಆರ್ಟ್ಸ್' ಎಂದೇ ಇದೆ. 'ಮೋ' ಅಕ್ಷರದ ದೀರ್ಘ ಅವನ ಮನಸ್ಸಿಗೆ ಬರುವ ಹಾಗೆ ಇನ್ನೂ ಬಂದಿಲ್ಲ. ಒಮ್ಮೆ ಯಾರೋ ತಮ್ಮ ಎತ್ತಿನ ಫೋಟೋ ಕೊಟ್ಟು ಲಾರಿಗೆ ಬರೆಯಲು ಹೇಳಿದರೆ, ಫೋಟೋ ವಾಪಸ್ ಕೊಟ್ಟು, ಅವರ ಊರಿಗೇ ಹೋಗಿ ಇಡೀ ದಿನ ಕೊಟ್ಟಿಗೆಯಲ್ಲಿ ಕುಳಿತು ಬಂದನಂತೆ. ನಾನು ಶುಕ್ರವಾರ ಹೋಗಿ ನಾಚಿಕೆಯಿಂದಲೇ ವಿಷಯ ಹೇಳಿದೆ. ಅವನು ನಗಲಿಲ್ಲ. 'ಹುಂಜದ ಬಣ್ಣ ಯಾವುದ್ರಿ?' ಎಂದು ಕೇಳಿದ. ಹೇಳಿದೆ. 'ಬಾಲದಾಗ ಹಸಿರು ಐತಾ? ಹಂಗಾರೆ ಬರ್ತೀನಿ' ಎಂದ.

ಶನಿವಾರ ಮಧ್ಯಾಹ್ನ ಸ್ಕೂಟರಿನ ಹಿಂದೆ ಬಣ್ಣದ ಡಬ್ಬಿಗಳ ಚೀಲ ಹಿಡಿದು ಕುಳಿತು ಬಂದ. ಅವನ ಬಣ್ಣ ಮೆತ್ತಿದ ಗಡ್ಡ ನೋಡಿದ್ದೇ ಮಕ್ಕಳು ಹತ್ತಿರಕ್ಕೆ ಓಡಿ ಬಂದರು. ಆಮೇಲೆ ಸಿಂಚನ ಮೆಲ್ಲಗೆ, 'ಗುರುಗಳೇ, ಕುಂಚ ಎಲ್ಲಿ ಕಟ್ಟಿದ್ದೀರಿ?' ಎಂದಳು. 'ಕಟ್ಟದಿದ್ರೆ ಅದು ಓಡ್ಹೋಗತೈತಾ ತಾಯಿ? ಕೂಡ್ರಿ, ಬಾಯಿ ಮುಚ್ಚಿ ನೋಡ್ರಿ' ಎಂದು ಅಂಗಳದಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತ. ಮೂವರೂ ಹುಂಜವನ್ನು ನೋಡುತ್ತಾ ಕುಳಿತರು. ಹತ್ತು ನಿಮಿಷವಾದ ಮೇಲೆ ಕಾಲಿನ ಬೆರಳು ಬರೆಯಿರಿ ಎಂದ. ಇಡೀ ಹುಂಜ ಬೇಡ, ಬೆರಳು ಸಾಕು. ನನಗೆ ಮಾತ್ರ, 'ಸಾರ್, ಮಂಡಕ್ಕಿ ಮಿರ್ಚಿ ಇಲ್ದೆ ನನ್ನ ಕಣ್ಣು ಕಾಣಲ್ಲ' ಎಂದು ಅಪ್ಪಣೆಯಾಯಿತು.

ನಾನು ಮಂಡಕ್ಕಿ ಪೊಟ್ಟಣ, ಬಿಸಿ ಮಿರ್ಚಿ ಕಟ್ಟಿಸಿಕೊಂಡು ಬಂದು, ಅಭ್ಯಾಸದಂತೆ ಹೆಲ್ಮೆಟ್ ಹಾಕಿಕೊಂಡೇ ಮೆಟ್ಟಿಲ ಬಳಿ ಬಗ್ಗಿದೆ. ಪಾಳೇಗಾರ ಬಾಣದಂತೆ ಬಂದ. ಟಕಟಕಟಕ! ಮಂಡಕ್ಕಿ ಅಂಗಳದ ತುಂಬ ಚೆಲ್ಲಾಡಿತು. ನಾನು ಏಳಹೋದರೆ ಮೋನಪ್ಪ, 'ಸಾರ್, ಏಳಬ್ಯಾಡ್ರಿ! ಹಂಗೇ ಬಗ್ಗಿ ಇರ್ರಿ!' ಎಂದು ಕೂಗಿದ. ಮಾದರಿಯಾಗಿ ಕುಕ್ಕಿಸಿಕೊಳ್ಳುತ್ತಾ ನಿಂತೆ. ಅವನು ತಲೆ ಓರೆ ಮಾಡಿ ನೋಡಿದ, ಮಂಡಿಯೂರಿ ನೋಡಿದ, ಕೊನೆಗೆ ಹುಂಜದ ಹಿಂದೆ ಹೋಗಿ ಅದರ ಎತ್ತರಕ್ಕೆ ಮುಖ ಇಟ್ಟು ನೋಡಿದ. 'ಇದು ನಿಮ್ಮನ್ನ ಕುಕ್ತಾ ಇಲ್ರಿ' ಎಂದ.

'ಮತ್ಯಾರನ್ನ?'

'ನಿಮ್ಮ ತಲೆ ಮ್ಯಾಲೆ ಇನ್ನೊಂದು ಹುಂಜ ಐತೆ. ಸಣ್ಣದು. ಅದನ್ನ.'

ಇಂಚರ ಓಡಿ ಬಂದು ನೋಡಿ ಕಿರುಚಿದಳು. ಹೊಸ ಕಪ್ಪು ಹೆಲ್ಮೆಟ್ಟಿನ ಹೊಳಪಿನಲ್ಲಿ ಪಾಳೇಗಾರ ಪುಟ್ಟದಾಗಿ, ನೆಟ್ಟಗೆ, ಸ್ಪಷ್ಟವಾಗಿ ಕಾಣುತ್ತಿದ್ದ. ಪೀನ ದರ್ಪಣದಲ್ಲಿ ಪ್ರತಿಬಿಂಬವು ಚಿಕ್ಕದಾಗಿಯೂ ನೇರವಾಗಿಯೂ ಇರುತ್ತದೆ ಎಂದು ಹತ್ತೊಂಬತ್ತು ವರ್ಷದಿಂದ ಹುಡುಗರಿಗೆ ನೋಟ್ಸ್ ಬರೆಸುತ್ತಿರುವವನು ನಾನು. ಅಷ್ಟೂ ದಿನ ಆ ದರ್ಪಣವನ್ನು ನಾನೇ ತಲೆಯ ಮೇಲೆ ಹೊತ್ತುಕೊಂಡು ದಾಸವಾಳಕ್ಕೆ ನೀರು ಹಾಕುತ್ತಿದ್ದೆ. 'ನಿಮಗೆ ಗೊತ್ತಿರಲಿಲ್ವಾ ಪಪ್ಪಾ?' ಎಂದು ಸಿಂಚನ ಕೇಳಿದಾಗ, 'ಸಿಲಬಸ್‌ನಲ್ಲಿ ಹುಂಜ ಬರಲ್ಲಮ್ಮ' ಎಂದೆ.

ಮೋನಪ್ಪ ಚೀಲದಿಂದ ರೆಡ್ ಆಕ್ಸೈಡ್ ಡಬ್ಬಿ ತೆಗೆದು, ಮಕ್ಕಳ ಕೈಗೆ ಒಂದೊಂದು ಬ್ರಷ್ ಕೊಟ್ಟ. ನನ್ನ ಹೊಚ್ಚಹೊಸ ಹೆಲ್ಮೆಟ್ ನೋಡನೋಡುತ್ತಿದ್ದಂತೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಹೊಳಪು ಎಂಬುದು ಹೆಸರಿಗೂ ಉಳಿಯಲಿಲ್ಲ. ಒಣಗುವವರೆಗೆ ನಾನೂ ಹುಂಜ ಬರೆಯಬೇಕೆಂದು ಹಿಡಿದು ಕೂರಿಸಿದರು. ನನ್ನ ಕಾಗದದ ಮೇಲೆ ಎರಡು ಕಾಲಿನ ಕುಂಬಳಕಾಯಿ ಮೂಡಿತು. ಮೋನಪ್ಪ ಅದನ್ನು ಬಹಳ ಹೊತ್ತು ನೋಡಿ, 'ಪರವಾಗಿಲ್ರಿ ಸಾರ್. ಹುಂಜಕ್ಕೆ ಗೊತ್ತಾಗಲ್ಲ' ಎಂದು ಸಮಾಧಾನ ಹೇಳಿದ. ಆಮೇಲೆ ಪರೀಕ್ಷೆ. ನಾನು ಇಟ್ಟಿಗೆ ಹೆಲ್ಮೆಟ್ ಹಾಕಿ ಮೆಟ್ಟಿಲ ಬಳಿ ಬಗ್ಗಿದೆ. ಶೈಲಾ ಸೌಟು ಹಿಡಿದೇ ಬಾಗಿಲಿಗೆ ಬಂದಳು. ಪಾಳೇಗಾರ ಹತ್ತಿರ ಬಂದ, ನಿಂತ, ಚೆಲ್ಲಿದ್ದ ಮಂಡಕ್ಕಿ ಒಂದನ್ನು ಹೆಕ್ಕಿಕೊಂಡು ಆ ಕಡೆ ಹೋದ. ಸಿಂಚನ ಓಡಿಹೋಗಿ ಮೋನಪ್ಪನ ಕುತ್ತಿಗೆಗೆ ಜೋತುಬಿದ್ದಳು. ಆಮೇಲೆ ಕುಳಿತು ನಾಲ್ಕು ಮಿರ್ಚಿ ತಿಂದಳು.

ಭಾನುವಾರ ಹನುಮಂತ ಬಂದಾಗ ಮೊಟ್ಟೆ ಸಾರು ಕಾದಿತ್ತು. 'ಅಕ್ಕಾ, ಹುಂಜ ಎಲ್ಲಿ?' ಎಂದ. ಶೈಲಾ ಅಂಗಳದ ಕಡೆ ಕೈತೋರಿಸಿದಳು. ಎರಡೂ ಕಡೆ ಒಬ್ಬೊಬ್ಬ ಮಗಳನ್ನು ಕಾವಲಿಗಿಟ್ಟುಕೊಂಡು ಪಾಳೇಗಾರ ಬಿಸಿಲು ಕಾಯಿಸಿಕೊಳ್ಳುತ್ತಿದ್ದ. ಹನುಮಂತ ಅವರ ಮುಖ ನೋಡಿ ತಟ್ಟೆ ಎಳೆದುಕೊಂಡ.

ಎಲ್ಲರಿಗೂ ಒಳ್ಳೆಯದೇ ಆಯಿತು. ಕಾಲೇಜಿನಲ್ಲಿ ಹುಡುಗರು ಹೆಲ್ಮೆಟ್ ನೋಡಿ ನನ್ನನ್ನು 'ಮಡಿಕೆ ಸಾರ್' ಎನ್ನುತ್ತಾರೆಂಬುದೊಂದು ಬಿಟ್ಟರೆ ತೊಂದರೆಯೇನಿಲ್ಲ. ಆದರೂ ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ನನಗೆ ಒಳಗೆ ಸಣ್ಣದೊಂದು ಬೇಜಾರಿದೆ. ಅಷ್ಟು ದಿನ ನಾನು ಅಂಗಳಕ್ಕೆ ಕಾಲಿಟ್ಟರೆ ಸಾಕು, ಒಂದು ಜೀವ ಎಲ್ಲ ಕೆಲಸ ಬಿಟ್ಟು ನನ್ನ ಮೇಲೆ ಯುದ್ಧಕ್ಕೆ ಬರುತ್ತಿತ್ತು. ನನ್ನಲ್ಲೂ ಏನೋ ಇದೆ, ಅದಕ್ಕೇ ಇವನಿಗೆ ಇಷ್ಟೊಂದು ಹೊಟ್ಟೆಯುರಿ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಅವನಿಗೆ ಬೇಕಾಗಿದ್ದವನು ನಾನು ಅಲ್ಲವೇ ಅಲ್ಲವಂತೆ. ಈಗ ದಿನಾ ಸಂಜೆ ಮೆಟ್ಟಿಲ ಬಳಿ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಬಗ್ಗಿರುತ್ತೇನೆ. ಪಾಳೇಗಾರ ತಿರುಗಿಯೂ ನೋಡುವುದಿಲ್ಲ.