ಕೀಲಿ ಒಳಗೆ, ಬೀಗದಣ್ಣ ಹೊರಗೆ

ಗಾಳಿ ಬೀಸಿತು, ಬಾಗಿಲು ಧಡ್ ಎಂದು ಮುಚ್ಚಿತು, ಬೀಗ ತಾನಾಗಿಯೇ ಬಿತ್ತು. ಹಾಲು ತರಲೆಂದು ಪಾತ್ರೆ ಹಿಡಿದು ಮೆಟ್ಟಿಲಿಳಿದಿದ್ದ ಬೀಗದಣ್ಣನ ಕೀಲಿ, ಫೋನು ಎರಡೂ ಒಳಗೇ ಉಳಿದವು.

ಆ ಬೀಗ ಅವನೇ ಮಾಡಿದ್ದು. "ಕೀಲಿ ಇಲ್ದೆ ಆ ಬ್ರಹ್ಮ ಬಂದ್ರೂ ತೆಗೆಯಕ್ಕಾಗಲ್ಲ" ಎಂದು ಎದೆ ತಟ್ಟಿ ಇಡೀ ಬೀದಿಗೆ ಅದನ್ನೇ ಮಾರಿದ್ದ. ಈಗ ಬಾಗಿಲ ಮುಂದೆ ತಂತಿ ಹಿಡಿದು ಕೂತರೆ ಅಂಗಡಿಯ ಮಾನ ಹರಾಜು. ಹಾಗಾಗಿ ಹಿತ್ತಲಿಗೆ ಹೋಗಿ ಅಡುಗೆಮನೆಯ ಕಿಟಕಿಯಲ್ಲಿ ತಲೆ ತೂರಿಸಿದ. ತಲೆ ಹೋಯಿತು, ಹೊಟ್ಟೆ ಒಪ್ಪಲಿಲ್ಲ.

ಯಾರೋ ಕಾಲು ಹಿಡಿದು ಹೊರಗೆಳೆದರು. ನೋಡಿದರೆ ಬೀದಿಗೆ ಹೊಸದಾಗಿ ಬಂದ ಪೇದೆ.

"ಹಾಡಹಗಲೇ ಶುರು ಹಚ್ಕೊಂಡ್ಯಾ?"

"ಅಯ್ಯೋ, ಇದು ನನ್ನ ಮನೇನೇ ಸಾರ್!"

ಗಲಾಟೆ ಕೇಳಿ ಬೀದಿಯೇ ಹಿತ್ತಲಿಗೆ ಬಂತು. "ಹೌದು ಸಾರ್, ನಮ್ಮ ಬೀಗದಣ್ಣ" ಎಂದಳು ಪಕ್ಕದ ಮನೆಯ ಅಕ್ಕ. ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ನಿವೃತ್ತ ಕೋರ್ಟು ಗುಮಾಸ್ತರು, ಬೀದಿಗೆಲ್ಲ ಕೋರ್ಟು ಮಾವ, ಗಂಟಲು ಸರಿಮಾಡಿಕೊಂಡರು.

"ಮನೆ ಇವನದಲ್ಲ, ಹೆಂಡತಿ ಹೆಸರಲ್ಲಿದೆ. ಅವಳ ಒಪ್ಪಿಗೆ ಇಲ್ದೆ ನುಗ್ಗಿದ್ರೆ ಅಕ್ರಮ ಪ್ರವೇಶ."

"ಮಾವ, ಇಷ್ಟು ವರ್ಷ ಇಲ್ಲೇ ಸಂಸಾರ ಮಾಡಿದ್ದೀನಿ!"

"ಸಂಸಾರ ಬಾಗಿಲಿಂದ ಮಾಡಿದ್ದೀಯ. ಇದು ಕಿಟಕಿ."

ಪೇದೆಗೆ ಪೇಚಾಟಕ್ಕಿಟ್ಟುಕೊಂಡಿತು. ಕೊನೆಗೆ ಅವನೇ ಒಂದು ದಾರಿ ಹುಡುಕಿದ. "ನೋಡಪ್ಪ, ಬೀಗ ಮಾಡಿದವನು ನೀನೇ ತಾನೆ? ನಮ್ಮೆದುರಿಗೇ ತೆಗೆದು ಬಾಗಿಲಿಂದ ಹೋಗು. ನಾನೂ ಹೊರಡ್ತೀನಿ."

ಬೀಗದಣ್ಣ ಸುತ್ತ ನೋಡಿದ. ನೆರೆದವರೆಲ್ಲ ಅವನ ಗಿರಾಕಿಗಳೇ. ತೆಗೆದರೆ ಅಂಗಡಿ ಮುಚ್ಚಬೇಕು, ತೆಗೆಯದಿದ್ದರೆ ಠಾಣೆಗೆ ಹೋಗಬೇಕು. ಎದೆ ಸೆಟೆಸಿದ.

"ಸಾಧ್ಯವೇ ಇಲ್ಲ ಸಾರ್. ಕೀಲಿ ಇಲ್ದೆ ನನ್ನ ಕೈಲೂ ಆಗಲ್ಲ. ನಡೀರಿ ಠಾಣೆಗೆ!"

ಬೀದಿ ಚಪ್ಪಾಳೆ ತಟ್ಟಿತು. ಎದುರುಮನೆಯವನಂತೂ ಇನ್ನೊಂದು ಬೀಗ ಬೇಕೆಂದು ಅಲ್ಲೇ ಹೇಳಿಟ್ಟ. ಬೀಗದಣ್ಣ ಮದುವೆ ಗಂಡಿನ ಹಾಗೆ ಪೇದೆಯ ಮುಂದೆ ಮುಂದೆ ನಡೆದ.

ಗೇಟಿನ ಬಳಿ, ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿದ ಹೆಂಡತಿ ಎದುರಾದಳು. ವಿಷಯ ಕೇಳಿ ಹಣೆ ಚಚ್ಚಿಕೊಂಡಳು.

"ಇಷ್ಟಕ್ಕೇ ಠಾಣೆಗೆ ಹೊರಟ್ರಾ? ಸ್ವಲ್ಪ ಇರಿ ಸಾರ್."

ಜಡೆಯಿಂದ ಹೇರ್‌ಪಿನ್ ಕಿತ್ತು ಬೀಗಕ್ಕೆ ತೂರಿಸಿ ಒಮ್ಮೆ ತಿರುವಿದಳು. ಬಾಗಿಲು ತೆರೆದುಕೊಂಡಿತು.

"ನನ್ನ ಕೀಲಿ ಕಳೆದು ಯಾವ ಕಾಲ ಆಯ್ತೋ. ಬೈತೀರಾ ಅಂತ ಹೇಳಿರ್ಲಿಲ್ಲ ಕಣ್ರೀ. ದಿನಾ ಹೀಗೇ ಒಳಗೆ ಬರೋದು."

ಪೇದೆಗೆ ನಿರಾಳವಾಯಿತು. "ಮನೆಯವ್ರೇ ತೆಗೆದ್ರಲ್ಲ, ಇನ್ನು ಕೇಸಿಲ್ಲ. ಹೋಗಪ್ಪ ಒಳಗೆ."

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಪಕ್ಕದ ಮನೆಯ ಅಕ್ಕ ತಲೆಗೆ ಕೈಹಾಕಿ ತನ್ನ ಹೇರ್‌ಪಿನ್ ತೆಗೆದುಕೊಂಡು ಮನೆಯತ್ತ ಓಡಿದಳು. ಮರುಕ್ಷಣವೇ ಅವಳ ಕೂಗು ಕೇಳಿಸಿತು. "ಅಯ್ಯಯ್ಯೋ, ನಮ್ದೂ ತೆಗೀತು!"

ಕೋರ್ಟು ಮಾವ ಮತ್ತೆ ಗಂಟಲು ಸರಿಮಾಡಿಕೊಂಡರು. "ಸಾರ್, ಹೋಗ್ಬೇಡಿ. ಇದು ವಂಚನೆ. ಬೀದಿಗೆ ಬೀದೀನೇ ದೂರು ಕೊಡತ್ತೆ."

ಪೇದೆ ಹಿಂತಿರುಗಿ ಬಂದು ಬೀಗದಣ್ಣನ ತೋಳು ಹಿಡಿದ.

"ನಡಿಯಪ್ಪ ಠಾಣೆಗೆ. ಆಗ್ಲೇ ನೀನೇ ಹೊರಟಿದ್ಯಲ್ಲ!"