ರಾಗಿಯಲ್ಲಿ ಒಣಗಿಸಿದ ಕಂಪ್ಯೂಟರು

ಭೌತಶಾಸ್ತ್ರ ಓದಿದವರಿಗೆ ಒಂದು ಕೆಟ್ಟ ಚಟ ಇರುತ್ತದೆ. ಬೇರೆಯವರು ದಡ್ಡ ಕೆಲಸ ಮಾಡಿ ಸುಮ್ಮನಾಗುತ್ತಾರೆ. ನಾವು ಮಾಡುವ ಮೊದಲೇ ಅದಕ್ಕೊಂದು ಕಾರಣ ಹೊಂದಿಸಿಕೊಂಡಿರುತ್ತೇವೆ. ಹಾಲು ಉಕ್ಕದಿರಲಿ ಎಂದು ಪಾತ್ರೆಗೆ ಸೌಟು ಇಟ್ಟು, ಮೇಲ್ಮೈ ಸೆಳೆತದ ಬಗ್ಗೆ ಹೆಂಡತಿಗೆ ಹತ್ತು ನಿಮಿಷ ಪಾಠ ಮಾಡಿ, ಆ ಹತ್ತು ನಿಮಿಷದಲ್ಲಿ ಹಾಲನ್ನೂ ಉಕ್ಕಿಸಿ, ಸೌಟನ್ನೂ ಒಲೆಯ ಹಿಂದೆ ಬೀಳಿಸಿದವನು ನಾನು. ಕೋಲಾರದ ಒಂದು ಪಿಯು ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಈ ವಿಷಯವನ್ನೇ ಕಲಿಸುತ್ತಿದ್ದೇನೆ ಎನ್ನುವುದನ್ನು ಓದುಗರು ದಯವಿಟ್ಟು ಹೊರಗೆ ಹೇಳಬಾರದು.

ನನ್ನ ಹೆಂಡತಿ ಸರಳಾ ಮಾಲೂರಿನ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಡಂ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಮನೆಯಲ್ಲಿ ಇಬ್ಬರು ಮೇಷ್ಟ್ರು, ಒಂದೇ ಲ್ಯಾಪ್‌ಟಾಪು. ಇಷ್ಟು ಹೇಳಿದರೆ ನಮ್ಮ ಮನೆಯ ಸಂಜೆಗಳು ಹೇಗಿದ್ದವು ಎಂದು ಊಹಿಸಿಕೊಳ್ಳಬಹುದು. ನಾನು ತೆರೆದಿಟ್ಟ ಪ್ರಶ್ನೆಪತ್ರಿಕೆಯನ್ನು ಅವಳು ಮುಚ್ಚುವಳು, ಅವಳು ಅರ್ಧ ತುಂಬಿದ ಹಾಜರಾತಿಯನ್ನು ನಾನು ಅಳಿಸುವೆನು. ಹಾಗಿರುವಾಗ ನಮ್ಮ ಕಾಲೇಜಿನ ರಸಾಯನಶಾಸ್ತ್ರದವರು ತಮ್ಮ ಹಳೆಯ ಲ್ಯಾಪ್‌ಟಾಪನ್ನು ನನಗೆ ಮಾರಿದರು. ಅದರದ್ದೊಂದು ವಿಶೇಷ. ಅದರ ಎರಡೂ ಪಕ್ಕದಲ್ಲಿ ಚೌಕದ ಗೂಡುಗಳಿವೆ. ಆ ಗೂಡಿಗೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಕಾರ್ಡುಗಳನ್ನು ತಳ್ಳಿ ಕೂಡಿಸಬೇಕು. ಒಂದು ಕಾರ್ಡು ಚಾರ್ಜಿಗೆ, ಒಂದು ಪೆನ್‌ಡ್ರೈವಿಗೆ, ಹೀಗೆ. ಒಳಗಿನ ಡಿಸ್ಕನ್ನು ಅವರು ಬಿಚ್ಚಿ ತಮ್ಮ ಬಳಿಯೇ ಉಳಿಸಿಕೊಂಡಿದ್ದರು. ಅದರ ಬದಲು ಎರಡು ಕಾರ್ಡು ಕೊಟ್ಟು, "ಇವೂ ಡಿಸ್ಕೇ ಸಾರ್, ಇವುಗಳಿಂದಲೇ ಮಿಷನ್ನು ಶುರುವಾಗುತ್ತೆ" ಎಂದರು.

ನನ್ನ ತಲೆಯಲ್ಲಿ ದೀಪ ಹತ್ತಿತು. ಒಂದು ಕಾರ್ಡಿಗೆ ನನ್ನ ವ್ಯವಸ್ಥೆ ಪೂರ್ತಿ ಹಾಕಿದೆ, ಇನ್ನೊಂದಕ್ಕೆ ಅವಳದು. ಅವಳ ಕಾರ್ಡಿಗೆ ಗುರುತಿಗೆ ಅವಳದೇ ಒಂದು ಕೆಂಪು ಬಿಂದಿ ಅಂಟಿಸಿದೆ. ನನ್ನದು ತಳ್ಳಿ ಗುಂಡಿ ಒತ್ತಿದರೆ ನನ್ನ ಕಂಪ್ಯೂಟರು, ಅವಳದು ತಳ್ಳಿ ಒತ್ತಿದರೆ ಪರದೆಯ ಮೇಲೆ ರಂಗೋಲಿ ಬಿಟ್ಟ ಅವಳ ಕಂಪ್ಯೂಟರು. ಯಾವುದೂ ತಳ್ಳದಿದ್ದರೆ ಅದು ಬರೀ ತಗಡು. ಒಂದು ತಿಂಗಳು ಮನೆಯಲ್ಲಿ ಜಗಳವೇ ಇರಲಿಲ್ಲ. ಒಂದೇ ಒಂದು ದಿನ ಅವಳು ಅಂಕಪಟ್ಟಿ ತುಂಬುತ್ತಿರುವಾಗ, ಕಾರ್ಡು ಎಷ್ಟು ಬಿಸಿಯಾಗಿದೆ ನೋಡೋಣ ಎಂದು ನಾನು ಎಳೆದುಬಿಟ್ಟೆ. ಪರದೆ ಇದ್ದ ಹಾಗೇ ಕಲ್ಲಾಯಿತು, ಅವಳೂ ನನ್ನನ್ನು ಹಾಗೇ ನೋಡಿದಳು. ಇನ್ನೊಂದು ದಿನ ಅವಳು ಬಸ್ಸಿನಲ್ಲಿ ಅವಸರಕ್ಕೆ ಪಾಸಿನ ಬದಲು ಕಾರ್ಡು ಚಾಚಿದಳಂತೆ. ಕಂಡಕ್ಟರು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ಫೋಟೋ ಎಲ್ಲಿದೆ ಮೇಡಂ ಎಂದು ಕೇಳಿದನಂತೆ.

ಫೋಟೋ ಇದ್ದದ್ದು ನಿಜ, ಆದರೆ ಅವಳದಲ್ಲ, ಹುಳುಗಳದು. ನಮ್ಮ ಅಕ್ಕನ ಮನೆ ವಕ್ಕಲೇರಿಯಲ್ಲಿ. ಹಿಪ್ಪುನೇರಳೆ ತೋಟ ಇದೆ, ರೇಷ್ಮೆಹುಳು ಸಾಕುತ್ತಾರೆ. ಸರಳಾ ಮಾಲೂರಿನಿಂದ ಬರುವಾಗ ದಿನಾ ಅಲ್ಲಿ ಇಳಿದು, ಮೊಟ್ಟೆ ಒಡೆದ ದಿನದಿಂದ ಗೂಡು ಕಟ್ಟುವವರೆಗೆ, ಭಾನುವಾರವೂ ಬಿಡದೆ ಇಪ್ಪತ್ತೇಳು ದಿನ ಫೋಟೋ ತೆಗೆದಳು. ಜಿಲ್ಲೆಯ ವಿಜ್ಞಾನ ಶಿಕ್ಷಕರ ತರಬೇತಿಯಲ್ಲಿ ಮಾದರಿ ಪಾಠ ಮಾಡುವಂತೆ ಅವಳಿಗೆ ಹೇಳಿದ್ದರು. ಮಕ್ಕಳ ಮುಂದೆ ಹುಲಿಯಂತಿರುವ ನನ್ನ ಹೆಂಡತಿಗೆ ದೊಡ್ಡವರ ಮುಂದೆ ನಿಂತರೆ ಗಂಟಲು ಕಟ್ಟುತ್ತದೆ. ಎರಡು ಸಲ ಇಂಥ ಅವಕಾಶ ಬಂದಾಗ ಜ್ವರ ಎಂದು ತಪ್ಪಿಸಿಕೊಂಡಿದ್ದಳು. ಈ ಸಲ ಮಾತು ನಿಂತರೂ ಚಿತ್ರ ಓಡುತ್ತಿರುತ್ತದೆ ಎಂಬ ಧೈರ್ಯದ ಮೇಲೆ ಒಪ್ಪಿಕೊಂಡಿದ್ದಳು. ಫೋನು ತುಂಬಿಹೋಗಿದೆ ಎಂದು ಅವಳು ಗೊಣಗಿದಾಗ, "ಫೋನಲ್ಲಿರೋದೆಲ್ಲ ಅಳಿಸಿಬಿಡು ಕಣೇ, ಎಲ್ಲಾ ಕಾರ್ಡಲ್ಲಿದೆ, ನಾನಿದೀನಲ್ಲ" ಎಂದವನು ನಾನೇ. ಇನ್ನೊಂದು ಕಡೆ ನಕಲು ಮಾಡಿಡುತ್ತೇನೆ ಎಂದೂ ಹೇಳಿದ್ದೆ. ಮಾಡಿರಲಿಲ್ಲ.

ಸೋಮವಾರ ಪಾಠ. ಭಾನುವಾರ ಅಕ್ಕನ ಮನೆಗೆ ಹೋದೆವು. ಹುಳುಗಳು ಗೂಡು ಕಟ್ಟುವ ಬಿದಿರಿನ ಚಂದ್ರಂಕಿಯೊಂದನ್ನು ಪಾಠಕ್ಕೆಂದು ಕೇಳಿ ತರುವುದು ಅವಳ ಉದ್ದೇಶ. ಉಂಡು ಬರುವುದು ನನ್ನದು. ಊಟವಾದ ಮೇಲೆ ಅವಳೂ ಅಕ್ಕನೂ ಅಡುಗೆಮನೆಯಲ್ಲಿ ಮಾತಿಗೆ ಕೂತರು. ನಾನೂ ಭಾವನೂ ಜಗಲಿಯಲ್ಲಿ, ನಡುವೆ ಒಂದು ಚೊಂಬು ನೀರು. ಭಾವ ನಾರಾಯಣಪ್ಪನವರು ಯಾವುದನ್ನೂ ಸುಲಭಕ್ಕೆ ನಂಬುವವರಲ್ಲ. ಅವರಿಗೆ ತೋರಿಸಲೆಂದೇ ಜೇಬಿನಲ್ಲಿ ತಂದಿದ್ದ ಬಿಂದಿಯ ಕಾರ್ಡನ್ನು ನಾನು ಅಂಗೈ ಮೇಲಿಟ್ಟು, ಇಡೀ ಕಂಪ್ಯೂಟರು ಇದರೊಳಗಿದೆ, ಉಳಿದದ್ದು ಬರೀ ಪೆಟ್ಟಿಗೆ ಎಂದು ವಿವರಿಸಿದೆ.

"ಅಲ್ಲಪ್ಪಾ, ಇಪ್ಪತ್ತೇಳು ದಿವ್ಸದ ಹುಳ ಎಲ್ಲಾ ಇಷ್ಟರಾಗೆ ಕೂತ್ಕೊಂಡೈತಾ?" ಎಂದರು ಭಾವ.

ಇನ್ನೂ ಹತ್ತು ಬೆಳೆಯ ಹುಳ ಹಿಡಿಸುತ್ತದೆ ಎಂದು ತೋರಿಸಲು ನಾನು ಕಾರ್ಡನ್ನು ಒಮ್ಮೆ ಮೇಲಕ್ಕೆ ಚಿಮ್ಮಿದೆ. ಅದು ಕೆಳಗೆ ಬಂತು, ಆದರೆ ನನ್ನ ಕೈಗಲ್ಲ. ಚೊಂಬಿನ ಬಾಯಿ ಎಷ್ಟು ಕಿರಿದು, ಜಗಲಿ ಎಷ್ಟು ಅಗಲ. ಗುರಿಯಿಟ್ಟು ಎಸೆದರೆ ಜನ್ಮದಲ್ಲಿ ಬೀಳುತ್ತಿರಲಿಲ್ಲ.

ಭಾವ ಚೊಂಬನ್ನು ಬಗ್ಗಿಸಿ ಕಾರ್ಡು ತೆಗೆದುಕೊಟ್ಟರು. ತಮ್ಮ ಫೋನು ಒಮ್ಮೆ ಕಲಗಚ್ಚಿನ ಬಾನಿಗೆ ಬಿದ್ದಾಗ ಅಕ್ಕಿಯಲ್ಲಿ ಹೂತಿಟ್ಟು ಸರಿಮಾಡಿಕೊಂಡದ್ದನ್ನು ಸಮಾಧಾನವಾಗಿ ಹೇಳಿದರು. ಆದರೆ ಅಕ್ಕಿ ಇದ್ದದ್ದು ಅಡುಗೆಮನೆಯಲ್ಲಿ, ಅಡುಗೆಮನೆಯಲ್ಲಿ ಸರಳಾ. ನಡುಮನೆಯಲ್ಲಿ ಇದ್ದದ್ದು ರಾಗಿ ಡ್ರಮ್ಮು. ಆಗ ನನ್ನ ಚಟ ಎದ್ದು ಕೂತಿತು. ನಿಜವಾದ ಕಾರಣ ಹೆಂಡತಿಯ ಭಯ ಎಂದು ಒಪ್ಪಿಕೊಳ್ಳುವ ಬದಲು, ಕಾಳು ಸಣ್ಣದಾದಷ್ಟೂ ಒಟ್ಟು ಮೇಲ್ಮೈ ಹೆಚ್ಚು, ಮೇಲ್ಮೈ ಹೆಚ್ಚಾದಷ್ಟೂ ತೇವ ಬೇಗ ಹೀರುತ್ತದೆ, ಹಾಗಾಗಿ ಅಕ್ಕಿಗಿಂತ ರಾಗಿಯೇ ಮೇಲು ಎಂದು ಭಾವನಿಗೆ ಸಿದ್ಧಾಂತ ಹೇಳಿದೆ. ಅಕ್ಕಿಗಿಂತ ರಾಗಿ ಮೇಲು ಎಂಬ ಮಾತನ್ನು ನಮ್ಮ ಕಡೆ ಯಾರೂ ಅಲ್ಲಗಳೆಯುವುದಿಲ್ಲ. ಭಾವ ಜೀವನದಲ್ಲಿ ಮೊದಲ ಬಾರಿಗೆ ನನ್ನನ್ನು ಮೆಚ್ಚುಗೆಯಿಂದ ನೋಡಿದರು. ಕಾರ್ಡನ್ನು ಪಂಚೆಯಲ್ಲಿ ಒರೆಸಿ, ಡ್ರಮ್ಮಿನ ಒಳಗೆ ಮೊಣಕೈವರೆಗೂ ಕೈ ಇಳಿಸಿ ಹೂತಿಟ್ಟೆ.

ಎರಡು ಗಂಟೆ ಬಿಟ್ಟು ತೆಗೆಯಲು ಹೋದರೆ ಕೈಗೆ ಸಿಗುತ್ತಿಲ್ಲ. ಭುಜದವರೆಗೆ ಕೈ ಹಾಕಿ ಕಲಕುತ್ತಿರುವಾಗ ಅಕ್ಕ ಬಂದಳು. ಏನೋ ಮಾಡ್ತಿದೀಯಾ ಎಂದಳು. ಈ ಸಲದ ರಾಗಿ ಎಷ್ಟು ಚೆನ್ನಾಗಿದೆ, ಮುಟ್ಟಿದರೆ ಬಿಡಲು ಮನಸ್ಸೇ ಬರುವುದಿಲ್ಲ ಎಂದೆ. ಅಕ್ಕನಿಗೆ ಎಷ್ಟು ಸಂತೋಷವಾಯಿತೆಂದರೆ ಹೊರಡುವಾಗ ಒಂದು ಚೀಲ ರಾಗಿ ಕಟ್ಟಿಕೊಟ್ಟಳು. ಅಷ್ಟರಲ್ಲಿ ಕಾರ್ಡು ಬೆರಳಿಗೆ ಸಿಕ್ಕಿತ್ತು. ಜೇಬಿಗೆ ಇಳಿಸಿ, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಚಂದ್ರಂಕಿಯ ಒಂದು ತುದಿ ಹಿಡಿದು ಗೆದ್ದವನ ಹಾಗೆ ಬಸ್ಸು ಹತ್ತಿದೆ.

ಸಂಜೆ ಮನೆಯಲ್ಲಿ ದೀಪ ಹಚ್ಚಿ ಬಂದ ಸರಳಾ, ಒಂದು ಸಲ ಹಾಕಿಕೊಡಿ, ಪಾಠ ನೋಡಿಕೊಳ್ಳುತ್ತೇನೆ ಎಂದಳು. ಕಾರ್ಡು ತಳ್ಳಿದೆ. ಉಗುರಿನಷ್ಟು ಹೊರಗೇ ಉಳಿಯಿತು. ಗುಂಡಿ ಒತ್ತಿದರೆ, ಶುರುಮಾಡಲು ಏನೂ ಕಾಣಿಸುತ್ತಿಲ್ಲ ಎಂದು ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬಂತು. ಕಾರ್ಡಿನ ತುದಿಯಲ್ಲಿ, ಈಗಿನ ಫೋನಿನ ಚಾರ್ಜರಿಗೆ ಇರುವಂಥ ಒಂದು ಟೊಳ್ಳಾದ ಲೋಹದ ಮೂತಿ ಇದೆ. ಅದು ಒಳಗೆ ಕೂರುತ್ತಿಲ್ಲ. ಇನ್ನೂ ಬಲವಾಗಿ ತಳ್ಳಿದೆ. ಒಳಗೆ ಏನೋ ಪುಡಿಯಾದ ಸದ್ದು. ಗಾಬರಿಯಿಂದ ಎಳೆದು ಮೇಜಿಗೆ ತಟ್ಟಿದಾಗ ಸಣ್ಣದೊಂದು ಕೆಂಪು ಕಾಳು ಉರುಳಿಕೊಂಡು ಹೋಗಿ ಅವಳ ಮುಂದೆ ನಿಂತಿತು.

"ಇದು ರಾಗಿ ಅಲ್ವೇನ್ರೀ?"

ಹೌದೆಂದೆ. ಚೊಂಬು, ಡ್ರಮ್ಮು, ಎಲ್ಲವನ್ನೂ ಹೇಳಿದೆ. ಮೇಲ್ಮೈಯ ವಿಚಾರಕ್ಕೆ ಬರುವಷ್ಟರಲ್ಲಿ ಅವಳು ಕೈ ಎತ್ತಿ ನಿಲ್ಲಿಸಿದಳು. ಬೈದಿದ್ದರೆ ಚೆನ್ನಾಗಿತ್ತು. ಅವಳ ಕಣ್ಣು ತುಂಬಿತು. "ಫೋನಲ್ಲಿರೋದು ಅಳಿಸು ಅಂದೋರು ನೀವೇ ಅಲ್ವಾ," ಎಂದಷ್ಟೇ ಅಂದಳು. ಇಪ್ಪತ್ತೇಳು ಸಂಜೆ ಬಸ್ಸಿಳಿದು, ಕಾಲು ತೊಳೆದು ಹುಳುಮನೆ ಹೊಕ್ಕು, ಹುಳುಗಳ ತಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತವಳು ಅವಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಆಗ ನೆನಪಿಗೆ ಬಂದ ಯಾವ ಸೂತ್ರವೂ ಉಪಯೋಗಕ್ಕೆ ಬರಲಿಲ್ಲ.

ಅವಳು ಕಣ್ಣೊರೆಸಿಕೊಂಡು ಕನ್ನಡಕ ಹಾಕಿಕೊಂಡಳು. ಸೆರಗಿನ ಪಿನ್ನು ತೆಗೆದಳು. ನಾನು ಸಹಾಯಕ್ಕೆ ಕೈ ಚಾಚಿದ್ದಕ್ಕೆ, ಟಾರ್ಚು ಹಿಡಿಯಿರಿ ಸಾಕು, ಯೋಚನೆ ಏನೂ ಮಾಡಬೇಡಿ ಎಂದಳು. ಮೂತಿಯ ಮೂಲೆಯಿಂದ ಇನ್ನೊಂದು ಇಡೀ ಕಾಳು ಬಂತು. ನಾನು ಬಲಪ್ರಯೋಗ ಮಾಡಿದ್ದು ಹಿಟ್ಟಾಗಿ ಕೂತಿತ್ತು; ಅದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆದು ಊದಿದಳು. ಅರ್ಧ ಗಂಟೆಯ ನಂತರ ಅವಳೇ ಕಾರ್ಡನ್ನು ಗೂಡಿಗೆ ತಳ್ಳಿದಳು. ಟಕ್ ಎಂದು ಕೂತಿತು. ಗುಂಡಿ ಒತ್ತಿದಳು. ರಂಗೋಲಿ ಬಂತು. ಹುಳುಗಳೆಲ್ಲ ಇದ್ದವು, ಮೊದಲ ದಿನದ ಇರುವೆಯಂಥವೂ, ಕೊನೆಯ ದಿನದ ಗೂಡುಗಳೂ. ಅವಳು ಮೊದಲು ಮಾಡಿದ ಕೆಲಸ ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ನಕಲು ಮಾಡಿ ತನ್ನ ಬ್ಯಾಗಿನಲ್ಲಿಟ್ಟುಕೊಂಡಿದ್ದು.

ಮಾರನೆಯ ದಿನ ತರಬೇತಿಗೆ ನಾನೂ ರಜೆ ಹಾಕಿ ಹೋದೆ. ನಾನು ಬರಲೇಬೇಕು, ಆದರೆ ನನ್ನ ಮುಖ ಅವಳಿಗೆ ಕಾಣಬಾರದು ಎಂದು ಅವಳ ಷರತ್ತು. ಕೊನೆಯ ಸಾಲಿನ ಕಂಬದ ಪಕ್ಕ ಕೂತೆ. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿನ ಮೇಷ್ಟ್ರು ಮೇಡಂಗಳೆಲ್ಲ ತುಂಬಿದ್ದರು. ಪರದೆಯ ಮೇಲೆ ಮೊದಲ ಚಿತ್ರ ಬಂತು. ಸರಳಾ ನಮಸ್ಕಾರ ಎಂದಳು, ನಿಂತಳು, ಅಷ್ಟೇ. ಬಾಯಿ ತೆರೆದಿದೆ, ಮಾತಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಆಗ ಅವಳ ಕಣ್ಣು ಲ್ಯಾಪ್‌ಟಾಪಿನ ಪಕ್ಕದಲ್ಲಿದ್ದ ಕೆಂಪು ಬಿಂದಿಯ ಮೇಲೆ ಬಿತ್ತು.

"ನಿನ್ನೆ ಮಧ್ಯಾಹ್ನ ಈ ಹುಳಗಳೆಲ್ಲಾ ರಾಗಿ ಡ್ರಮ್ಮಲ್ಲಿದ್ದವು," ಎಂದಳು.

ಅಲ್ಲಿಂದ ಅವಳ ಮಾತು ನಿಲ್ಲಲೇ ಇಲ್ಲ. ಹೆಸರು ಹೇಳದೆ, ತನಗೆ ಗೊತ್ತಿರುವ ಒಬ್ಬ ಭೌತಶಾಸ್ತ್ರದ ಉಪನ್ಯಾಸಕರ ಕತೆ ಹೇಳಿದಳು. ಚೊಂಬಿಗೆ ಬಂದಾಗ ಎಲ್ಲರೂ ನಕ್ಕರು, ಮೇಲ್ಮೈಗೆ ಬಂದಾಗ ಮೇಜು ಕುಟ್ಟಿದರು. ಆ ಉಪನ್ಯಾಸಕರು ಕಾಳಿನ ಲೆಕ್ಕ ಹಾಕಿದರು, ಅದು ಹೋಗುವ ಬಾಯಿ ಎಷ್ಟಿದೆ ಎಂದು ನೋಡಲಿಲ್ಲ. ಹುಳ ಸಾಕುವವರು ಮೊದಲು ನೋಡುವುದೇ ಬಾಯಿಯನ್ನು, ಅದಕ್ಕೇ ಮರಿಹುಳಕ್ಕೆ ಸೊಪ್ಪನ್ನು ಅಷ್ಟು ಸಣ್ಣಗೆ ಹೆಚ್ಚುತ್ತಾರೆ ಎಂದು ಹೇಳಿ, ಎರಡನೆಯ ಚಿತ್ರಕ್ಕೆ ಹೋದಳು. ನಲವತ್ತು ನಿಮಿಷದ ಪಾಠ ಒಂದು ಗಂಟೆ ಮೀರಿತು. ಯಾರೂ ಗಡಿಯಾರ ನೋಡಲಿಲ್ಲ. ನಾನು ಮದುವೆಯಾದಂದಿನಿಂದ ಅವಳನ್ನು ಅಷ್ಟು ಹೆಮ್ಮೆಯಿಂದ ನೋಡಿರಲಿಲ್ಲ.

ಕೊನೆಗೆ ಮುಳಬಾಗಿಲಿನ ಒಬ್ಬ ಮೇಷ್ಟ್ರು ಎದ್ದು, "ಪಾಠ ಬಾಗುಂದಿ ಮೇಡಂ. ಆ ಲೆಕ್ಚರರ್ ಯಾರು ಅಂತ ಹೇಳ್ಲಿಲ್ಲ," ಎಂದು ತಮ್ಮ ಗಡಿಯ ಕಡೆಯ ತೆಲುಗು ಬೆರೆಸಿ ಕೇಳಿದರು. ಅನುಮಾನ ಬಾರದಿರಲಿ ಎಂದು ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

"ಕಂಬದ ಪಕ್ಕ ಎಲ್ಲರಿಗಿಂತ ಜೋರಾಗಿ ನಗ್ತಿದಾರಲ್ಲ, ಅವರೇ," ಎಂದಳು ಸರಳಾ.

ಮೇಜಿನ ಮೇಲೆ ತನ್ನ ಮುಂದೆ ಉರುಳಿಬಂದ ಆ ಮೊದಲ ರಾಗಿ ಕಾಳನ್ನು ಅವಳು ಪಾಠ ಟಿಪ್ಪಣಿಯ ಪುಸ್ತಕದಲ್ಲಿ ಸೆಲ್ಲೋಟೇಪು ಹಾಕಿ ಅಂಟಿಸಿದ್ದಾಳೆ. ಕೆಳಗೆ ಪ್ರಯೋಗ ಬರೆಯುವ ಕ್ರಮದಲ್ಲೇ ಬರೆದಿದ್ದಾಳೆ. ಪ್ರಯೋಗ: ರಾಗಿಯಲ್ಲಿ ಒಣಗಿಸುವುದು. ಮಾಡಿದವರು: ನಮ್ಮ ಮನೆಯವರು. ಫಲಿತಾಂಶ: ಒಣಗಿದೆ. ಇಷ್ಟು ವರ್ಷದಲ್ಲಿ ನನ್ನ ಭೌತಶಾಸ್ತ್ರಕ್ಕೆ ಅವಳು ಕೊಟ್ಟ ಒಂದೇ ಒಂದು ಪ್ರಮಾಣಪತ್ರ ಅದು. ಅವಳು ಶಾಲೆಗೆ ಹೋದ ಮೇಲೆ ಆಗಾಗ ಆ ಪುಟ ತೆರೆದು ನೋಡುತ್ತೇನೆ. ಮೊನ್ನೆ ಮೂಲೆಯಲ್ಲಿ ಕೆಂಪು ಶಾಯಿ ಕಾಣಿಸಿತು. ಹತ್ತಕ್ಕೆ ನಾಲ್ಕು ಅಂಕ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, ಹೇಳದೆ ಮುಚ್ಚಿಟ್ಟಿದ್ದಕ್ಕೆ ಆರು ಕಳೆದಿದೆ ಎಂದು ಕಾರಣ. ಮರುಮೌಲ್ಯಮಾಪನ ಕೇಳಬೇಕೆಂದು ಸಂಜೆ ಅಡುಗೆಮನೆಯವರೆಗೂ ಹೋದೆ. ಅವಳು ಅಕ್ಕ ಕೊಟ್ಟ ಆ ರಾಗಿಯ ಹಿಟ್ಟಿನಲ್ಲೇ ಮುದ್ದೆ ತೊಳಸುತ್ತಿದ್ದಳು, ಕೋಲು ಕೈಯಲ್ಲೇ ಇತ್ತು. ನಾಲ್ಕು ಅಂಕಕ್ಕೇ ತೃಪ್ತಿಪಟ್ಟು, ತಟ್ಟೆ ಹಾಕಿಕೊಂಡು ಕೂತೆ.