ಇಸ್ತ್ರಿ ಮೇಜಲ್ಲ, ಗಿಟಾರು!

ನಮ್ಮ ಕಾಕಾನಷ್ಟು ಸೋಮಾರಿ ಸಂಗೀತಗಾರ ಇಡೀ ದುಬೈಯಲ್ಲಿ ಇನ್ನೊಬ್ಬರಿರಲಿಲ್ಲ! ಲೋಕದ ಗಿಟಾರುವಾದಕರೆಲ್ಲ ಕೂದಲು ಕುಣಿಸುತ್ತ ವೇದಿಕೆ ತುಂಬ ಓಡಾಡಿದರೆ, ಇವರು ಗಿಟಾರನ್ನು ಕಾಲಿರುವ ಮೇಜಿನಂತೆ ಮುಂದಿಟ್ಟುಕೊಂಡು, ಊಟಕ್ಕೆ ಕೂತವರ ಹಾಗೆ ಕೂತುಬಿಡುತ್ತಿದ್ದರು.

ಸುಮ್ಮನೆ ಕೂತಿರುತ್ತಿದ್ದರೇ? ಬಲಗೈ ಬೆರಳಿಗೆ ತಗಡಿನ ಉಗುರು ಸಿಕ್ಕಿಸಿ ಮೀಟಬೇಕು, ಎಡಗೈಯಲ್ಲಿ ಉಕ್ಕಿನ ತುಂಡು ಹಿಡಿದು ತಂತಿಯ ಮೇಲೆ ಜಾರಿಸಬೇಕು, ಪಾದದಿಂದ ಪೆಡಲ್ ಒತ್ತಬೇಕು. ಸಾಲದ್ದಕ್ಕೆ ಮೇಜಿನಡಿ ಜೋತಾಡುವ ಕಡ್ಡಿಯನ್ನು ಮೊಣಕಾಲಿನಿಂದ ಪಕ್ಕಕ್ಕೆ ತಳ್ಳಬೇಕು. ಆಗ ದನಿ ಮೆಲ್ಲಗೆ ಬಾಗಿ, ಗಂಡನ ಮನೆಗೆ ಹೊರಟ ಹುಡುಗಿಯ ಹಾಗೆ ಅಳುತ್ತದೆ. ಇದಕ್ಕೆ ಪೆಡಲ್ ಸ್ಟೀಲ್ ಗಿಟಾರ್ ಎನ್ನುತ್ತಾರೆ. ವಾರವಿಡೀ ಏಸಿ ಕಂಪನಿಯಲ್ಲಿ ಎಂಜಿನಿಯರಾಗಿದ್ದ ಕಾಕಾ, ಶುಕ್ರವಾರ ಮಧ್ಯಾಹ್ನ ಕೌಬಾಯ್‌ಗಳ ಅಗಲ ಟೊಪ್ಪಿಗೆ ಹಾಕಿಕೊಂಡು ಒಂದು ಹೋಟೆಲಿನಲ್ಲಿ ಫಿಲಿಪಿನೋ ಹುಡುಗರ ಕಂಟ್ರಿ ರಾಕ್ ತಂಡದ ಹಿಂದೆ ಇದನ್ನು ಅಳಿಸುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಕೆಲಸ ಹುಡುಕಿಕೊಂಡು ಹೋದ ನಾನು ಅಲ್ ಕುಸೈಸ್‌ನ ಅವರ ಫ್ಲ್ಯಾಟಿನಲ್ಲೇ ಇದ್ದೆ. ಒಮ್ಮೆ ಪಕ್ಕದ ಮನೆಯವರೊಬ್ಬರು ಗಿಟಾರನ್ನು ಇಸ್ತ್ರಿ ಮೇಜೆಂದು ತಿಳಿದು ಅದರ ಮೇಲೆ ತಮ್ಮ ಶರ್ಟು ಹಾಸಿಬಿಟ್ಟರು. ಕಾಕಾ ಜಗಳವಾಡಲಿಲ್ಲ. ಅದೇ ಶರ್ಟಿನಿಂದ ತಂತಿಯನ್ನೆಲ್ಲ ಒರೆಸಿ, ಮಡಚಿ ವಾಪಸು ಕೊಟ್ಟರು!

ಅವರ ಹೆಂಡತಿ, ನಮ್ಮ ಕಾಕುವಿಗಂತೂ ಆ ವಾದ್ಯ ಸವತಿಯೇ. ಕಾಕಾ ಸಾಧನೆಗೆ ಕೂತರೆ ಅಡುಗೆಮನೆಯ ಬಾಗಿಲು ಧಡಾರನೆ ಮುಚ್ಚುತ್ತಿತ್ತು.

"ಏನ್ರೀ, ಧಾರವಾಡದಾಗ ಹುಟ್ಟಿ ಅಮೆರಿಕಾದ ದನಾ ಕಾಯೋರ ಸಂಕಟಕ್ಕ ನೀವ್ಯಾಕ ಅಳಬೇಕು?"

"ಅವರಿಗೂ ಊರು ದೂರನ ಅದ," ಎನ್ನುತ್ತಿದ್ದರು ಕಾಕಾ.

ಕನ್ನಡ ಸಂಘದ ರಾಜ್ಯೋತ್ಸವಕ್ಕೂ ಕರೆ ಬಂತು. ಮಂಗಳೂರಿನ ಕಾರ್ಯದರ್ಶಿಗಳಿಗೆ ಒಂದೇ ಚಿಂತೆ: "ಸ್ವಲ್ಪ ಎದ್ದು ನಿಂತು ನುಡಿಸಿ ಮಾರಾಯ್ರೆ, ಹಿಂದಿನವರಿಗೆ ಕಾಣುದಿಲ್ಲ." ಕಿವಿ ಇದ್ದವರು ಎಲ್ಲಿ ಕೂತರೂ ನಡೆಯುತ್ತದೆ ಎಂದು ಕಾಕಾ ಕೂತೇ ನುಡಿಸಿದರು. ಸಂಘದ ಫೋಟೋದಲ್ಲಿ ವೇದಿಕೆಯ ಹೂಕುಂಡದ ಮೇಲೆ ಅವರ ಟೊಪ್ಪಿಗೆಯೊಂದೇ ಕಾಣುತ್ತಿತ್ತು.

ಅಲ್ಲ, ಯಾಕೆ ಏಳಬೇಕು ಹೇಳಿ? ಹಾಡುವವನು ಒಂದು ಸಾಲು ಹಾಡಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಅವನ ಬಾಯಿಗೆ ಬಾರದ್ದನ್ನು ಹೇಳಿ ಮುಗಿಸುವುದೇ ಸ್ಟೀಲ್ ಗಿಟಾರಿನ ಕೆಲಸ. ಬೇರೆಯವರ ಉಸಿರಿನ ಸಂದಿಯಲ್ಲೇ ಕಾಕಾ ಆಯುಷ್ಯ ಸವೆಸಿದರು. ಚಪ್ಪಾಳೆ ಮಾತ್ರ ಹಾಡಿದವನಿಗೆ. ನನಗೆ ಹೊಟ್ಟೆ ಉರಿಯುತ್ತಿತ್ತು, ಅವರಿಗೆ ಉರಿಯುತ್ತಿರಲಿಲ್ಲ.

ಕೆಲವು ವರ್ಷಗಳ ಮೇಲೆ ಹೋಟೆಲಿಗೆ ಹೊಸ ಮ್ಯಾನೇಜರ್ ಬಂದ. ಗುಂಡಿ ಒತ್ತಿದರೆ ಸ್ಟೀಲ್ ಗಿಟಾರಿನ ದನಿಯೇ ಬರುವ ಕೀಬೋರ್ಡೊಂದನ್ನು ತಂದಿಟ್ಟ. ಕಾಕಾ ಒಂದು ಶುಕ್ರವಾರ ತಪ್ಪಿಸಿದರೂ ಖಲಾಸ್, ಮುಂದೆ ಗುಂಡಿಯೇ ಸಾಕು ಎಂದ.

"ಆ ಪೆಟ್ಟಿಗಿಗೆ ಅಳಲಿಕ್ಕೆ ಬರ್ತದ," ಎಂದರು ಕಾಕಾ. "ಯಾಕ ಅಳಬೇಕಂತ ಗೊತ್ತಿಲ್ಲ."

ವಿಧಿ ನೋಡಿ, ಅದೇ ವಾರ ಏಸಿ ನೋಡಲು ಛಾವಣಿ ಹತ್ತಿದವರು ಏಣಿಯಿಂದ ಜಾರಿ ಎಡ ಮೊಣಕಾಲಿಗೆ ಪೆಟ್ಟು ಮಾಡಿಕೊಂಡರು. ಕಾಲು ಪಕ್ಕಕ್ಕೆ ಅಲುಗದು, ಕಡ್ಡಿ ತಳ್ಳಲಾಗದು. ಆದರೂ ಶುಕ್ರವಾರ ಟೊಪ್ಪಿಗೆ ಹಾಕಿಕೊಂಡು ನನ್ನ ಹೆಗಲು ಹಿಡಿದು ಹೊರಟೇಬಿಟ್ಟರು. ಎಂದೂ ಬಾರದ ಕಾಕುವೂ ಬೈಯುತ್ತ ಬಂದರು.

ಮೊದಲ ಹಾಡು ಶುರುವಾಯಿತು. ದನಿ ಬಾಗಬೇಕಾದಲ್ಲಿ ಬಾಗಲಿಲ್ಲ. ಕಾಕಾ ಹಲ್ಲು ಕಚ್ಚಿದರು. ಮ್ಯಾನೇಜರ್ ಕೀಬೋರ್ಡಿನ ಹೊದಿಕೆಗೆ ಕೈಹಾಕಿದ. ಆಗ ಕಾಕು ತಟ್ಟೆ ಸರಿಸಿ ಎದ್ದರು, ಇಳಕಲ್ ಸೀರೆಯ ನೆರಿಗೆ ಎತ್ತಿ ಕಟ್ಟಿದರು, ವೇದಿಕೆ ಹತ್ತಿ ಸೀದಾ ಗಿಟಾರಿನಡಿ ತೂರಿ ಕೂತರು! ಮುಂದಿನ ಸಾಲು ಮುಗಿಯಿತು. ಕಾಕು ಕೈಯಿಂದ ಕಡ್ಡಿ ತಳ್ಳಿದರು. ದನಿ ಬಾಗಿತು. ಮತ್ತೊಂದು ಸಾಲು, ಮತ್ತೆ ಬಾಗಿತು. ಯಾರೂ ಸನ್ನೆ ಮಾಡುತ್ತಿರಲಿಲ್ಲ. ಇಷ್ಟು ವರ್ಷ ಮುಚ್ಚಿದ ಬಾಗಿಲಿನ ಹಿಂದೆ ನಿಂತು ಅವರು ಎಲ್ಲವನ್ನೂ ಕೇಳಿದ್ದರು.

ಮ್ಯಾನೇಜರ್ ಬಗ್ಗಿ, ಮೇಡಂ ಹೊರಗೆ ಬನ್ನಿ ಎಂದು ಹಿಂದಿಯಲ್ಲಿ ಬೇಡಿಕೊಂಡ. ಕಾಕು ಕನ್ನಡದಲ್ಲೇ ಹೇಳಿದರು:

"ಹಾಡು ಮುಗೀಲಿ, ಬರ್ತೀನಿ."

ಕಾಕಾ ಆ ಹಾಡನ್ನು ಬಹಳ ಹೊತ್ತು ಮುಗಿಸಲಿಲ್ಲ.